ಗೃಹಲಕ್ಷ್ಮಿ ದುಡ್ಡಲ್ಲಿ ದನವೋ, ಆಡೋ, ಕೋಳಿಯೋ? ಸಾಕಿದವರು ಹೇಳಿ

ಹೆಬ್ರಿಯಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಅತ್ತೆಯ ಹೆಸರಿಗೆ ಗೃಹಲಕ್ಷ್ಮಿಯ 2,000 ಬರುತ್ತದೆ. ಅವರು ಮುಟ್ಟದೆ ಇಟ್ಟು ಈಗ ಖಾತೆಯಲ್ಲಿ ಇಪ್ಪತ್ತೈದು ಸಾವಿರದ ಹತ್ತಿರ ಉಂಟು. ಗಂಡನಿಗೆ ಪಿಎಂ ಕಿಸಾನ್‌ನ ವರ್ಷದ 6,000. ಅವರು ಮಲ್ಪೆಯಲ್ಲಿ ಬೋಟಿಗೆ ಹೋಗುವುದು, ಮನೆಯಲ್ಲಿ ನಾನು, ಅತ್ತೆ, ಮಕ್ಕಳು. ಸ್ವಲ್ಪ ಅಡಿಕೆ ತೋಟ ಇದೆ, ಹಳೆ ಹಟ್ಟಿ ಖಾಲಿ ಬಿದ್ದಿದೆ. ಅತ್ತೆಗೆ ದನ ಬೇಕು, ಗಂಡ ಆಡು ಅಂತಾರೆ. ಸರಕಾರದ ದುಡ್ಡನ್ನು ಹೀಗೆ ಸಾಕಣೆಗೆ ಹಾಕಿದವರು ಇದ್ದರೆ ನಿಮ್ಮ ಅನುಭವ ಹೇಳಿ. ಯೂಟ್ಯೂಬ್ ಲೆಕ್ಕ ಬೇಡ, ಅದರಲ್ಲಿ ಎಲ್ಲರೂ ಲಕ್ಷಾಧಿಪತಿಗಳೇ.

ಬೆಳ್ತಂಗಡಿ ಬದಿಯಿಂದ:
ಅಕ್ಕಾ, ನಾವು ಮಾಡಿದ್ದು ದನ. ಮೊದಲೇ ಒಂದು ಮಾತು, ಗೃಹಲಕ್ಷ್ಮಿ ದುಡ್ಡು ದನ ಕೊಳ್ಳಲಿಕ್ಕೆ ಸಾಕಾಗುವುದಿಲ್ಲ. ವರ್ಷಕ್ಕೆ ಒಟ್ಟು 24,000. ಹಾಲು ಕೊಡುವ ಒಳ್ಳೆಯ ಜೆರ್ಸಿ ಕ್ರಾಸ್ ನಮ್ಮ ಕಡೆ ಅರವತ್ತು ಸಾವಿರಕ್ಕೆ ಕಡಿಮೆ ಇಲ್ಲ. ನಾವು ಕೂಡಿಟ್ಟದ್ದು ಸ್ವಲ್ಪ ಹಾಕಿ, ಉಳಿದದ್ದಕ್ಕೆ ಸಂಘದಲ್ಲಿ ಸಾಲ ತೆಗೆದದ್ದು. ತಿಂಗಳ 2,000 ಇರುವುದು ಆ ಸಾಲದ ಕಂತಿಗೆ.

ಎಂತಕ್ಕೆ ಅಂದರೆ, ದನ ಹಾಲು ಕೊಡುವಾಗ ಕಂತು ಯಾರಿಗೂ ಕಷ್ಟ ಆಗುವುದಿಲ್ಲ. ಹಾಲಿನ ಬಿಲ್ಲಿನಿಂದಲೇ ಹೋಗುತ್ತದೆ. ಕರು ಹಾಕುವ ಎರಡು ತಿಂಗಳ ಮೊದಲು ಹಾಲು ಬತ್ತಿಸಲೇ ಬೇಕು, ಇಲ್ಲದಿದ್ದರೆ ಮುಂದಿನ ಸೂಲಿಗೆ ಕೆಚ್ಚಲು ತುಂಬುವುದಿಲ್ಲ. ಗಬ್ಬ ನಿಲ್ಲುವುದು ತಡ ಆಯಿತೋ, ಆ ಖಾಲಿ ಕಾಲ ಇನ್ನೂ ಉದ್ದ. ಹಾಲಿಲ್ಲ, ಹಿಂಡಿ ಹಾಕಬೇಕು, ಕಂತು ಕಟ್ಟಬೇಕು. ನಮ್ಮ ಊರಲ್ಲಿ ದನ ಮಾರಿದವರಲ್ಲಿ ಹೆಚ್ಚಿನವರು ಮಾರಿದ್ದು ಈ ಹೊತ್ತಿನಲ್ಲೇ, ಅದೂ ಗಬ್ಬದ ದನವನ್ನು ಅಡ್ಡಾದುಡ್ಡಿಗೆ. ತಿಂಗಳ ದುಡ್ಡು ನಮ್ಮನ್ನು ಉಳಿಸಿದ್ದು ಅಲ್ಲಿ. ಒಂದೊಂದು ಸಲ ಗೃಹಲಕ್ಷ್ಮಿಯದ್ದೇ ಎರಡು ಮೂರು ತಿಂಗಳ ದುಡ್ಡು ಬಾಕಿಯಾಗಿ ಬರುತ್ತದೆ. ಆದ್ದರಿಂದ ಎರಡು ತಿಂಗಳ ಸಾಲದ ಕಂತಿನಷ್ಟು ಯಾವಾಗಲೂ ಖಾತೆಯಲ್ಲಿ ಬಿಡಿ.

ಕೊಳ್ಳುವಾಗ ದಲ್ಲಾಳಿ ಬೇಡ, ಮನೆಗೆ ಹೋಗಿ ಕೊಳ್ಳಿ. ಸಾಯಂಕಾಲದ ಕರಾವು ನೋಡಿ, ಆಗುವುದಾದರೆ ಮರುದಿನ ಬೆಳಿಗ್ಗಿನದ್ದೂ ನೋಡಿ. ಬೆಳಿಗ್ಗೆ ಕರೆಯದೆ ಬಿಟ್ಟು ಸಂಜೆ ತುಂಬಿದ ಕೆಚ್ಚಲು ತೋರಿಸುವವರು ಇದ್ದಾರೆ. ನೀವೇ ಕೂತು ಕರೆಯಿರಿ. ನಾಲ್ಕು ಮೊಲೆಯದ್ದೂ ಮೊದಲ ಹಾಲನ್ನು ಕಪ್ಪು ತಟ್ಟೆಗೆ ಹಿಂಡಿ, ಬೆಳಕಿಗೆ ಹಿಡಿದು ನೋಡಿ. ಮೊಸರಿನ ಚೂರಿನ ಹಾಗೆ ಏನಾದರೂ ಕಂಡರೆ ಕೆಚ್ಚಲು ಬಾವು ಇದ್ದದ್ದೇ. ಒಂದು ಮೊಲೆ ಗಟ್ಟಿಯಾಗಿ ಬಿಸಿ ಇದ್ದರೂ ವಾಪಸು ಬನ್ನಿ. ಮಾಲೀಕರು ಎಷ್ಟೇ ಒಳ್ಳೆಯ ಮಾತಾಡಲಿ.

ಇನ್ನೊಂದು, ಗಂಡು ಕರು. 2021ರಿಂದ ಗೋಹತ್ಯೆ ನಿಷೇಧದ ಹೊಸ ಕಾನೂನು ಬಂದ ಮೇಲೆ ಕೊಳ್ಳುವವರು ಇಲ್ಲ, ಹಟ್ಟಿಯಲ್ಲೇ ಉಳಿಯುತ್ತದೆ. ಕಾನೂನು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ, ಖರ್ಚಿನ ಲೆಕ್ಕಕ್ಕೆ ಮಾತ್ರ ಹೇಳಿದ್ದು. ಹೆಚ್ಚಾಗಿ ಹೆಣ್ಣು ಕರುವೇ ಹುಟ್ಟುವ ಹಾಗೆ ಬೇರ್ಪಡಿಸಿದ ವೀರ್ಯದ ಕಡ್ಡಿ ಈಗ ಸಿಗುತ್ತದೆ, ಡಾಕ್ಟ್ರ ಹತ್ತಿರ ಕೇಳಿ.

ಕಾರ್ಕಳದಿಂದ:
ಆಡಿನ ಬಗ್ಗೆ ನಾನು ಹೇಳುತ್ತೇನೆ. ನಿಮ್ಮ ಯಜಮಾನ್ರು ಹೇಳಿದ್ದರಲ್ಲಿ ತಪ್ಪಿಲ್ಲ, ಕೈಯಲ್ಲಿರುವ ದುಡ್ಡಿಗೆ ಸಾಲವಿಲ್ಲದೆ ಬರುವುದು ಆಡು ಮಾತ್ರ. ಐದು ತಿಂಗಳಿಗೆ ಮರಿ ಹಾಕುತ್ತದೆ, ಎರಡು ಹಾಕಿದರೆ ಅದೃಷ್ಟ. ಮಕ್ಕಳ ಫೀಸಿಗೋ ಆಸ್ಪತ್ರೆಗೋ ಬೇಕಾದಾಗ ಒಂದನ್ನು ಮಾರಬಹುದು. ದನವನ್ನು ಕಾಲುಭಾಗ ಮಾರಲಿಕ್ಕೆ ಆಗುತ್ತದಾ ಮಾರಾಯ್ರೆ!

ಆದರೆ ನಮ್ಮ ಮಳೆ ಆಡಿಗೆ ಆಗುವುದಿಲ್ಲ. ಬಯಲುಸೀಮೆಯವರು ಹೇಳುವ ಲೆಕ್ಕ ಇಲ್ಲಿಗೆ ತರಬೇಡಿ. ನೆಲದಿಂದ ಎತ್ತರಕ್ಕೆ ಅಟ್ಟ ಹಾಕಲೇಬೇಕು, ಅಡಿಕೆ ಸಲಾಕೆಯಲ್ಲಿ ಸಂದು ಬಿಟ್ಟು ಮಾಡಿದರೆ ಹಿಕ್ಕೆ, ಗಂಜಲ ಕೆಳಗೆ ಬೀಳುತ್ತದೆ. ಒದ್ದೆ ನೆಲದಲ್ಲಿ ನಿಂತರೆ ಗೊರಸು ಕೊಳೆಯುತ್ತದೆ, ಮತ್ತೆ ಕೆಮ್ಮು, ಭೇದಿ. ಮಳೆಗಾಲದ ಮೊದಲು ಜಂತಿನ ಮದ್ದು, ಪಿಪಿಆರ್ (ಆಡು, ಕುರಿಗೆ ಬರುವ ಅಂಟುರೋಗ) ಲಸಿಕೆ ಎರಡೂ ಆಗಿರಬೇಕು. ಒದ್ದೆ ಸೊಪ್ಪು ಹಾಗೇ ಹಾಕಬೇಡಿ, ಹಲಸಿನ ಸೊಪ್ಪನ್ನು ಸಂಜೆಯೇ ಕಡಿದು ಮಾಡಿನ ಕೆಳಗೆ ತೂಗು ಹಾಕಿದರೆ ಬೆಳಿಗ್ಗೆಗೆ ನೀರು ಆರಿರುತ್ತದೆ. ನೆರೆಮನೆಯವರ ಬಾಳೆ, ಅಡಿಕೆ ಸಸಿ ತಿಂದರೆ ಆಗುವ ಜಗಳದ ಖರ್ಚು ಯಾವ ಪುಸ್ತಕದಲ್ಲೂ ಇಲ್ಲ. ಹೆಬ್ರಿ ಅಂದರೆ ಕಾಡಿನ ಅಂಚು, ಚಿರತೆಯೂ ಉಂಟು, ಹಾಗಾಗಿ ಬಾಗಿಲು ಗಟ್ಟಿ ಇರಲಿ.

ಮೂಡುಬಿದಿರೆಯಿಂದ:
ಊರಕೋಳಿ. ಇಲ್ಲಿ ಕೋಳಿರೊಟ್ಟಿಗೂ ಭೂತಕೋಲಕ್ಕೂ ಹುಡುಕಿಕೊಂಡು ಬರುತ್ತಾರೆ, ಫಾರಂ ಕೋಳಿಗಿಂತ ಎಷ್ಟೋ ಹೆಚ್ಚು ರೇಟು. ಒಂದು ತಿಂಗಳ ದುಡ್ಡಿನಲ್ಲೇ ಶುರು ಮಾಡಬಹುದು. ಕೊಕ್ಕರೆ ರೋಗದ ಲಸಿಕೆ ಹಾಕಿಸದಿದ್ದರೆ ಒಂದೇ ವಾರದಲ್ಲಿ ಗೂಡು ಖಾಲಿ. ಮತ್ತೆ ಮುಂಗುಸಿ, ಹೆಬ್ಬಾವು.

ಮಂಗಳೂರಿನಿಂದ, ಸಹಕಾರಿ ಬ್ಯಾಂಕಲ್ಲಿದ್ದು ನಿವೃತ್ತ:
ಬೆಳ್ತಂಗಡಿಯವರು ಹೇಳಿದ್ದು ಬೇರೆ ಕಡೆ ನಡೆದ ಪ್ರಯೋಗಗಳಿಗೂ ಹೊಂದುತ್ತದೆ. ಕೆನ್ಯಾದ ರಾರಿಯೆಡಾ ಎಂಬಲ್ಲಿ 2011-12ರಲ್ಲಿ ಗಿವ್‌ಡೈರೆಕ್ಟ್ಲಿ ಸಂಸ್ಥೆ ಬಡ ಮನೆಗಳಿಗೆ ಷರತ್ತಿಲ್ಲದೆ ದುಡ್ಡು ಕೊಟ್ಟಿತು. ಕೆಲವರಿಗೆ ಇಡಿಗಂಟು, ಕೆಲವರಿಗೆ ತಿಂಗಳು ತಿಂಗಳು. ಒಟ್ಟಾರೆ ಜಾನುವಾರು ಹೆಚ್ಚಾಯಿತು. ಆದರೆ ಇಡಿಗಂಟು ಸಿಕ್ಕವರು ಬಾಳಿಕೆ ಬರುವ ವಸ್ತು ಕೊಂಡದ್ದು ಹೆಚ್ಚು, ತಿಂಗಳಿಗೆ ಸಿಕ್ಕವರ ಮನೆಯಲ್ಲಿ ಊಟದ ಭದ್ರತೆ ಹೆಚ್ಚು. ನಮ್ಮ ದೇಶದಲ್ಲೇ ಮಧ್ಯಪ್ರದೇಶದ ಹಳ್ಳಿಗಳಲ್ಲಿ 2011ರಿಂದ ‘ಸೇವಾ’ (SEWA) ಎಂಬ ದುಡಿಯುವ ಹೆಂಗಸರ ಸಂಘಟನೆ ಯುನಿಸೆಫ್ ನೆರವಿನೊಂದಿಗೆ ವಯಸ್ಕರಿಗೆ ತಿಂಗಳಿಗೆ 200, ಆಮೇಲೆ 300 ಕೊಟ್ಟಿತ್ತು, ಮಕ್ಕಳಿಗೆ ಅದರ ಅರ್ಧ. ಅಷ್ಟು ಸಣ್ಣ ಮೊತ್ತದಲ್ಲೂ ಆಡು, ದನ ಕೊಂಡವರಿದ್ದರು. ‘ಬಿಟ್ಟಿ ದುಡ್ಡು ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ’ ಅಂತ ಟಿವಿಯಲ್ಲಿ ಕೂತು ಹೇಳುವವರು ಒಮ್ಮೆ ಬೆಳಿಗ್ಗೆ ಐದಕ್ಕೆ ಹಾಲಿನ ಸೊಸೈಟಿ ಎದುರು ಬಂದು ನಿಲ್ಲಬೇಕು.

ಒಂದು ಗೊಂದಲ ತುಂಬಾ ಜನಕ್ಕೆ ಉಂಟು. ಪಶುಸಂಗೋಪನೆಗೆ ಸಿಗುವ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ ದನ ಕೊಳ್ಳಲಿಕ್ಕೆ ಅಲ್ಲ, ಸಾಕುವ ಖರ್ಚಿಗೆ: ಹಿಂಡಿ, ಹುಲ್ಲು, ಮದ್ದು. ಬಡ್ಡಿ ಶೇ 7, ಹೊತ್ತಿಗೆ ಸರಿಯಾಗಿ ಕಟ್ಟಿದರೆ ಶೇ 4ಕ್ಕೆ ಇಳಿಯುತ್ತದೆ. ಕೊಳ್ಳುವುದಕ್ಕೆ ಸಂಘದ ಸಾಲ ಅಥವಾ ಬ್ಯಾಂಕಿನ ಅವಧಿ ಸಾಲವೇ ಆಗಬೇಕು.

ಬ್ರಹ್ಮಾವರದಿಂದ:
ಯಾರೂ ಕೇಳದ್ದು ಒಂದು ನಾನು ಕೇಳ್ತೇನೆ. ದುಡ್ಡು ಅತ್ತೆಯದ್ದು, ಹುಲ್ಲು ತರುವುದು, ಸೆಗಣಿ ಬಾಚುವುದು ನೀವು, ಹಾಗಾದರೆ ಹಾಲಿನ ಬಿಲ್ಲು ಯಾರ ಖಾತೆಗೆ? ಇದನ್ನು ದನ ಬರುವ ಮೊದಲೇ ಮಾತಾಡಿ ಮುಗಿಸಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸೊಸೈಟಿ ಸದಸ್ಯತ್ವ ಗಂಡಸರ ಹೆಸರಲ್ಲಿ, ಹಾಲು ಅಳೆಯಲು ಕ್ಯೂ ನಿಲ್ಲುವುದು ಹೆಂಗಸರು. ಸರಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವೂ ಸದಸ್ಯರ ಖಾತೆಗೇ ಬರುವುದು. ನಮ್ಮ ಮನೆಯಲ್ಲಿ ನನ್ನ ಹೆಸರಲ್ಲಿ ಮಾಡಿಸಿದ್ದೇವೆ. ಅತ್ತೆಗೆ ತಿಂಗಳಿಗೆ ಇಷ್ಟು ಅಂತ ಕೈಗೆ ಕೊಡ್ತೇನೆ, ಅವರೂ ಖುಷಿ. ಗೃಹಲಕ್ಷ್ಮಿ ಬಂದಾಗಿನಿಂದ ಅವರಿಗೆ ದುಡ್ಡು ಕೈಯಲ್ಲಿಟ್ಟುಕೊಳ್ಳುವ ರುಚಿ ಹತ್ತಿದೆ, ಅದನ್ನು ನಾವು ಯಾಕೆ ಕಿತ್ತುಕೊಳ್ಳುವುದು?

ಹೆಬ್ರಿಯಿಂದ:
ಅಯ್ಯೋ, ಇದು ತಲೆಗೇ ಹೋಗಿರಲಿಲ್ಲ. ದನವೇ ಆದರೆ ಯಾವಾಗ ಕೊಳ್ಳುವುದು ಒಳ್ಳೆಯದು? ವಿಮೆ ಮಾಡಿಸಿದರೆ ನಿಜವಾಗಿ ದುಡ್ಡು ಸಿಗುತ್ತದಾ?

ಬೆಳ್ತಂಗಡಿ ಬದಿಯಿಂದ:
ವಿಮೆ ಸಿಗುತ್ತದೆ, ಕಿವಿಯೋಲೆ (ದನದ ಕಿವಿಗೆ ಹಾಕುವ ನಂಬರಿನ ಬಿಲ್ಲೆ) ಇದ್ದರೆ ಮಾತ್ರ. ಬಿದ್ದು ಹೋಗಿದ್ದರೆ ಅವತ್ತೇ ತಿಳಿಸಿ ಹೊಸದು ಹಾಕಿಸಿ. ದನ ಸತ್ತರೆ ಹೂಳುವ ಮೊದಲು ಓಲೆ ಕಾಣುವ ಹಾಗೆ ಫೋಟೋ, ಡಾಕ್ಟ್ರ ಪೋಸ್ಟ್‌ಮಾರ್ಟಂ ವರದಿ ಎರಡೂ ಬೇಕು. ದುಃಖದಲ್ಲಿ ಜನ ಇದನ್ನೇ ಮರೆಯುವುದು. 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಬರುತ್ತದೆ, ನಂಬರು ಹಟ್ಟಿಯ ಗೋಡೆಯಲ್ಲಿ ಬರೆದಿಡಿ.

ಕೊಳ್ಳುವುದು ಮಳೆ ನಿಂತ ಮೇಲೆ, ದೀಪಾವಳಿ ಕಳೆದು. ಆಟಿಯಲ್ಲಿ, ಅಂದರೆ ಜಡಿಮಳೆಯ ತಿಂಗಳಲ್ಲಿ, ಹೊಸ ದನ ತಂದರೆ ಹುಲ್ಲು ಕೊಯ್ಯಲಿಕ್ಕೂ ಹೊರಗೆ ಇಳಿಯಲಾಗುವುದಿಲ್ಲ, ಹಟ್ಟಿಯೂ ಒದ್ದೆ. ಈ ವರ್ಷ ಮೊದಲು ಅತ್ತೆಯ ದುಡ್ಡಲ್ಲಿ ಸ್ವಲ್ಪ ತೆಗೆದು ಹಟ್ಟಿಯ ಮಾಡು ಸರಿ ಮಾಡಿಸಿ, ತೋಟದ ಬದುವಿನಲ್ಲಿ ನೇಪಿಯರ್ ಮೇವಿನ ಹುಲ್ಲಿನ ಕಡ್ಡಿ ನೆಡಿ, ದನ ಬರುವ ಹೊತ್ತಿಗೆ ಕೊಯ್ಲಿಗೆ ಬಂದಿರುತ್ತದೆ. ಅಡಿಕೆ ಹಾಳೆ ನಿಮ್ಮದೇ ಉಂಟಲ್ಲ, ಸಣ್ಣಕೆ ಕೊಚ್ಚಿ ಹಾಕಬಹುದು. ಬೈಹುಲ್ಲು ಮಾತ್ರ ಘಟ್ಟದ ಮೇಲಿಂದ ಲಾರಿ ಬರುವಾಗಲೇ ತುಂಬಿಸಿಟ್ಟುಕೊಳ್ಳಿ, ಜೂನಿನಲ್ಲಿ ಕೇಳಿದರೆ ರೇಟು ಕೇಳುವ ಹಾಗೇ ಇರುವುದಿಲ್ಲ. ನೇಪಿಯರ್ ಕಡ್ಡಿ ಬೇಕಾದರೆ ನಮ್ಮಲ್ಲಿ ಉಂಟು, ಹೆಬ್ರಿ ಬದಿಗೆ ಬರುವವರು ಇದ್ದರೆ ಕಟ್ಟಿ ಕಳಿಸ್ತೇನೆ.