ಶಾಫ್ಟ್‌ನಲ್ಲಿ ಬಿರುಕಿದ್ದರೆ ವೈಬ್ರೇಶನ್‌ನಲ್ಲಿ ಹೇಗೆ ಗೊತ್ತಾಗುತ್ತದೆ?

ಪಂಪ್‌ಪಾಳಿ:
ಅಡ್ಡ ಶಾಫ್ಟ್‌ನ ಪಂಪ್, ಎರಡು ಪೋಲ್ ಮೋಟಾರ್, 50 ಹರ್ಟ್ಜ್ ಸಪ್ಲೈ, ವೇಗ 2970 ಆರ್‌ಪಿಎಂ. ಕೆಲವು ವಾರಗಳಿಂದ 1ಎಕ್ಸ್ (ಒಂದು ಸುತ್ತಿನಲ್ಲಿ ಒಂದು ಸಲ ಬರುವ ಕಂಪನ) ಮತ್ತು 2ಎಕ್ಸ್ (ಎರಡು ಸಲ ಬರುವುದು) ಎರಡೂ ನಿಧಾನಕ್ಕೆ ಏರುತ್ತಿವೆ. ಅಲೈನ್‌ಮೆಂಟ್ ನೋಡಿದೆವು, ಬ್ಯಾಲೆನ್ಸಿಂಗ್ ಮಾಡಿದೆವು, ಸ್ವಲ್ಪ ದಿನ ಸುಮ್ಮನಿದ್ದು ಮತ್ತೆ ಅದೇ ಕಥೆ. ಶಾಫ್ಟ್ ಬಿರುಕು ಬಿಟ್ಟಿರಬಹುದಾ? ಬಿರುಕಿಗೂ 2ಎಕ್ಸ್‌ಗೂ ಏನು ಸಂಬಂಧ?

ಕಂಪನ:
ಶಾಫ್ಟ್ ತನ್ನ ಭಾರಕ್ಕೇ ಒಂಚೂರು ಕೆಳಕ್ಕೆ ಬಾಗಿರುತ್ತದೆ ಅಲ್ವಾ, ಹಾಗಾಗಿ ಎರಡು ಬೇರಿಂಗ್‌ಗಳ ನಡುವೆ ಕೆಳಬದಿ ಎಳೆತದಲ್ಲಿ, ಮೇಲ್ಬದಿ ಒತ್ತಡದಲ್ಲಿ ಇರುತ್ತದೆ. ತಿರುಗುತ್ತಾ ಬಿರುಕು ಕೆಳಗೆ ಬಂದಾಗ ಬಾಯಿ ತೆರೆಯುತ್ತದೆ, ಮೇಲೆ ಹೋದಾಗ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಇದನ್ನು ಉಸಿರಾಡುವ ಬಿರುಕು ಅನ್ನುತ್ತಾರೆ. ತೆರೆದಾಗ ಶಾಫ್ಟ್ ಮೆತ್ತಗೆ, ಮುಚ್ಚಿದಾಗ ಗಟ್ಟಿ. ಈ ಏರಿಳಿತ ನೀಟಾದ ಸೈನ್ ಅಲೆ ಅಲ್ಲ, ಹಾಗಾಗಿ 1ಎಕ್ಸ್ ಜೊತೆ 2ಎಕ್ಸ್, 3ಎಕ್ಸ್ ಕೂಡ ಹುಟ್ಟುತ್ತವೆ. ಬಿರುಕು ಮುಚ್ಚದೆ ತೆರೆದೇ ಉಳಿದರೂ ಬಾಗುವ ಎರಡು ದಿಕ್ಕಿನಲ್ಲಿ ಬಿಗಿತ ಬೇರೆಬೇರೆ ಆಗುತ್ತದೆ, ಮೆತ್ತಗಿನ ದಿಕ್ಕು ಒಂದು ಸುತ್ತಿನಲ್ಲಿ ಎರಡು ಸಲ ಭಾರಕ್ಕೆ ನೇರವಾಗಿ ಬರುತ್ತದೆ. ಅದೂ 2ಎಕ್ಸೇ. ನೆಟ್ಟಗೆ ನಿಂತ ಶಾಫ್ಟ್‌ನಲ್ಲಿ ಭಾರದ ಬಾಗು ಇಲ್ಲ, ಅಲ್ಲಿ ಈ ಗುರುತು ತುಂಬಾ ದುರ್ಬಲ.

ಸ್ಪೆಕ್ಟ್ರಮ್ ನೋಡುವವ:
ಮೊದಲು ಆ 2ಎಕ್ಸ್ ನಿಜಕ್ಕೂ ಶಾಫ್ಟ್‌ನದೇನಾ ನೋಡಿ. ನಿಮ್ಮ ವೇಗಕ್ಕೆ ಅದು 99 ಹರ್ಟ್ಜ್. ಮೋಟಾರಿನ ವಿದ್ಯುತ್ ದೋಷ ಸಪ್ಲೈಯ ಎರಡು ಪಟ್ಟು, ಅಂದರೆ 100 ಹರ್ಟ್ಜ್‌ನಲ್ಲಿ ಕೂತಿರುತ್ತದೆ, ರೆಸಲ್ಯೂಶನ್ ಸಾಲದಿದ್ದರೆ ಎರಡೂ ಒಂದೇ ಶಿಖರವಾಗಿ ಕಾಣುತ್ತವೆ. ಕರೆಂಟ್ ತೆಗೆದ ಕ್ಷಣವೇ ಮಾಯವಾದರೆ ಅದು ವಿದ್ಯುತ್ತಿನದು. ಕೀವೇ (ಕೀ ಕೂರಿಸಲು ಕೊರೆದ ಗಾಳೆ) ಇರುವ ಶಾಫ್ಟ್‌ನಲ್ಲಿ ಸ್ವಲ್ಪ 2ಎಕ್ಸ್ ಮೊದಲಿಂದಲೂ ಇರಬಹುದು, ಆದರೆ ಅದು ಬೆಳೆಯುವುದಿಲ್ಲ.

ಪಂಪ್‌ಪಾಳಿ:
ನೋಡಿದೆ, ಕರೆಂಟ್ ತೆಗೆದರೂ ಉಳಿಯುತ್ತದೆ, ವೇಗದ ಜೊತೆಗೇ ಇಳಿಯುತ್ತದೆ. ನ್ಯಾಚುರಲ್ ಫ್ರೀಕ್ವೆನ್ಸಿ (ಶಾಫ್ಟ್ ತಟ್ಟಿದಾಗ ತಾನಾಗಿ ಕಂಪಿಸುವ ಆವರ್ತನ) ಅಳೆದರೆ ಸಾಕಾ?

ಕಂಪನ:
ಸಾಲದು. ಬಿರುಕು ಸಾಕಷ್ಟು ಆಳಕ್ಕೆ ಇಳಿಯುವ ತನಕ ಅದು ಬದಲಾಗುವುದು ತೀರಾ ಕಡಿಮೆ. ಯಂತ್ರ ನಿಲ್ಲುವಾಗಿನ ಕೋಸ್ಟ್‌ಡೌನ್ ರೆಕಾರ್ಡ್ ತೆಗೆಯಿರಿ, ಅದು ಹೆಚ್ಚು ಹೇಳುತ್ತದೆ. ಶಾಫ್ಟ್ ಕ್ರಿಟಿಕಲ್ ವೇಗದ (ಸುತ್ತುವ ವೇಗ ನ್ಯಾಚುರಲ್ ಫ್ರೀಕ್ವೆನ್ಸಿಗೆ ಸರಿಹೊಂದುವ ವೇಗ) ಅರ್ಧಕ್ಕೆ ಬಂದಾಗ 2ಎಕ್ಸ್ ಸರಿಯಾಗಿ ಕ್ರಿಟಿಕಲ್ ಮೇಲೆ ಕೂರುತ್ತದೆ, ಅಲ್ಲಿ ಎದ್ದು ಕಾಣಬೇಕು. ಆದರೆ ನಿಮ್ಮ ಕ್ರಿಟಿಕಲ್ ಓಡುವ ವೇಗದ ಎರಡು ಪಟ್ಟಿಗಿಂತ ಮೇಲಿದ್ದರೆ ಆ ಶಿಖರ ಸಿಗುವುದೇ ಇಲ್ಲ, ಅದು ಕಾಣಲಿಲ್ಲ ಅಂತ ಬಿರುಕಿಲ್ಲ ಅಂದುಕೊಳ್ಳಬೇಡಿ. ಲೋಡ್, ಬಿಸಿ, ವೇಗ ಒಂದೇ ಇದ್ದಾಗ 1ಎಕ್ಸ್‌ನ ಫೇಸ್ (ಸುತ್ತಿನಲ್ಲಿ ಅದರ ಶಿಖರ ಬರುವ ಕೋನ) ಜರುಗುತ್ತಿದೆಯಾ ನೋಡಿ. ಬ್ಯಾಲೆನ್ಸ್ ನಿಲ್ಲದಿರುವುದಕ್ಕೆ ಅದೇ ಕಾರಣ ಇರಬಹುದು, ಬಿರುಕು ಬೆಳೆದ ಹಾಗೆ ಶಾಫ್ಟ್ ಬಾಗುವ ರೀತಿಯೇ ಬದಲಾಗುತ್ತದೆ.

ಸ್ಪೆಕ್ಟ್ರಮ್ ನೋಡುವವ:
ಫೇಸ್ ಕೂಡ ಜರುಗುತ್ತಿದ್ದರೆ ಇನ್ನೊಂದು ಸಲ ಬ್ಯಾಲೆನ್ಸ್ ಮಾಡಲು ಹೋಗಬೇಡಿ, ಯಂತ್ರ ನಿಲ್ಲಿಸಿ. ಬಿರುಕು ಕೊನೆಕೊನೆಗೆ ತುಂಬಾ ಬೇಗ ಓಡುತ್ತದೆ. ಶಾಫ್ಟ್ ಹೊರಗೆ ತೆಗೆದು ದಪ್ಪ ಬದಲಾಗುವ ಮೆಟ್ಟಿಲಿನ ಮೂಲೆ, ಕೀವೇ ತುದಿ, ಒತ್ತಿ ಕೂರಿಸಿದ ಭಾಗದ ಅಂಚು, ಇಷ್ಟನ್ನು ಮ್ಯಾಗ್ನೆಟಿಕ್ ಪಾರ್ಟಿಕಲ್ ಟೆಸ್ಟ್ (ಕಾಂತೀಯಗೊಳಿಸಿ ಕಬ್ಬಿಣದ ಪುಡಿಯಿಂದ ಬಿರುಕು ಹುಡುಕುವ ಪರೀಕ್ಷೆ) ಮಾಡಿಸಿ. ಇಂಪೆಲ್ಲರ್, ಕಪ್ಲಿಂಗ್ ಕೂತಿರುವ ಜಾಗ ಬಿಡಬೇಡಿ, ಅದನ್ನು ಕಳಚದೆ ಮೇಲ್ಮೈ ಪರೀಕ್ಷೆ ಮಾಡಿದರೆ ಕೆಳಗಿನ ಬಿರುಕು ಕಾಣುವುದಿಲ್ಲ.