ಮಲ್ಲೇಶ್ವರಂ ಮನೆಗಳ ಹಿಂದೆ ಸಣ್ಣ ಗಲ್ಲಿಗಳು ಯಾಕಿವೆ?

ಪ್ರಶ್ನೆ: ಹೋದ ತಿಂಗಳು ಮಲ್ಲೇಶ್ವರಕ್ಕೆ ಮನೆ ಬದಲಿಸಿದೆವು. ಹಳೇ ಮನೆಗಳ ಸಾಲಿನ ಹಿಂದೆ ಕಿರಿದಾದ ಗಲ್ಲಿ ಇದೆ, ಯಾವ ಬಾಗಿಲೂ ಆ ಕಡೆ ಮುಖ ಮಾಡಿಲ್ಲ. ಸುಮ್ನೆ ಬಿಟ್ಟ ಜಾಗ ಅಲ್ಲ ಅನ್ನಿಸುತ್ತದೆ. ಯಾರಿಗಾದರೂ ಗೊತ್ತಾ?

ಉತ್ತರ 1: ಅದು ಮಲ ಹೊರಲು ಮಾಡಿದ ದಾರಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪೇಟೆಯಲ್ಲಿ ತುಂಬಾ ಜನ ಸತ್ತರು, ಆಮೇಲೆ ಗಾಳಿ ಬೆಳಕು ಇರುವ ಬಡಾವಣೆ ಬೇಕೆಂದು ಮಲ್ಲೇಶ್ವರಂ, ಬಸವನಗುಡಿ ಎರಡನ್ನೂ ಕಟ್ಟಿದರು. ಒಳಚರಂಡಿ ಬರುವ ಮೊದಲು ಪಾಯಿಖಾನೆ ಮನೆಯ ಹಿಂದಿರುತ್ತಿತ್ತು. ಅದನ್ನು ಬಳಿದು ಹೊತ್ತವರು ಆ ಗಲ್ಲಿಯಲ್ಲೇ ಓಡಾಡಬೇಕಿತ್ತು, ಮುಂದಿನ ರಸ್ತೆಗೆ ಬರುವಂತಿರಲಿಲ್ಲ. ಬಡಾವಣೆಯ ಹೊಗಳಿಕೆಯಲ್ಲಿ ಅವರ ಮಾತೇ ಬರುವುದಿಲ್ಲ, ನನಗೆ ಬೇಸರ ಅದೇ.

ಉತ್ತರ 2: ನಿಜ. ಇನ್ನೊಂದು ಮಾತು, ಊರು ಮಾತ್ರ ಪ್ಲೇಗಿಗಿಂತ ಹಳೆಯದು. ಕಾಡು ಮಲ್ಲೇಶ್ವರ ಗುಡಿ 17ನೇ ಶತಮಾನದಲ್ಲೇ ಇತ್ತು, ಹೆಸರು ಬಂದದ್ದೂ ಅದರಿಂದ. ಎದುರಿನ ನಂದಿ ತೀರ್ಥ ಮಣ್ಣಿನಡಿ ಹೂತುಹೋಗಿತ್ತು, 1997ರಲ್ಲಿ ಅಗೆದಾಗ ಸಿಕ್ಕಿತು. ನಂದಿಯ ಬಾಯಿಂದ ನೀರು ಬೀಳುವುದನ್ನು ಒಮ್ಮೆ ನೋಡಿ ಬನ್ನಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ಭಾನುವಾರ ಮಗಳನ್ನು ಕರೆದುಕೊಂಡು ಹೋಗುತ್ತೇನೆ, ಗಲ್ಲಿಯನ್ನೂ ತೋರಿಸುತ್ತೇನೆ.