ಸಹಾಯ ಬೇಕು: ನಾಯಿಗೆ ಬರೀ ಓಕರಿಕೆ, ವಾಂತಿ ಬರುತ್ತಿಲ್ಲ

ನಮಸ್ಕಾರ, ನಮ್ಮದು ನಾಪೋಕ್ಲು ಹತ್ತಿರದ ಕಾಫಿ ತೋಟ. 6 ವರ್ಷದ ಲ್ಯಾಬ್ರಡಾರ್ ನಿನ್ನೆ ಸಂಜೆಯಿಂದ ಓಕರಿಸುತ್ತಿದ್ದಾನೆ. ಮೊದಲು ಜೋರು ಕೆಮ್ಮು, ಆಮೇಲೆ ಕತ್ತು ಚಾಚಿ ಒದ್ದಾಡುತ್ತಾನೆ. ಬರುವುದು ಚೂರು ಬಿಳಿ ನೊರೆ ಅಷ್ಟೇ. ಕೆನಲ್ ಕಾಫ್ (ನಾಯಿಯಿಂದ ನಾಯಿಗೆ ಹರಡುವ ಕೆಮ್ಮು) ಇರಬಹುದಾ? ಇಲ್ಲಾ ಗಂಟಲಲ್ಲಿ ಮೂಳೆ ಸಿಕ್ಕಿದೆಯಾ? ಭಾನುವಾರ ಪಂದಿ ಕರಿ ಮಾಡಿದ್ದೆವು. ಮೂಳೆ ಹಾಕಿದ್ದು ಯಾರು ಅಂತ ಕೇಳಿದರೆ ಮನೆಯಲ್ಲಿ ಒಬ್ಬರೂ ಒಪ್ಪುತ್ತಿಲ್ಲ!

ಹೊಟ್ಟೆ ಉಬ್ಬಿ, ಜೊಲ್ಲು ಸುರಿಸುತ್ತಾ, ನಿಂತಲ್ಲಿ ನಿಲ್ಲದೆ ಓಕರಿಸಿದರೆ ಹೊಟ್ಟೆ ತಿರುಚಿಕೊಂಡಿರಬಹುದು, ಆಗ ಕಾಯಲೇಬಾರದು ಅಂತ ಗೊತ್ತು. ಅದಕ್ಕೇ ಆಗಾಗ ಮುಟ್ಟಿ ನೋಡುತ್ತಿದ್ದೇನೆ. ಸದ್ಯ ಮೆತ್ತಗಿದೆ, ನೀರೂ ಕುಡಿದ.

ಮಳೆ ಜಾಸ್ತಿ, ಕರೆಂಟ್ ಇಲ್ಲ. ಮಡಿಕೇರಿ ಅಥವಾ ವಿರಾಜಪೇಟೆಯಲ್ಲಿ ಎಕ್ಸ್‌ರೇ ಇರುವ, ಈಗಲೇ ನೋಡುವ ಪಶುವೈದ್ಯರು ಯಾರಾದರೂ ಗೊತ್ತಾ? ಜೀಪ್ ರೆಡಿ ಇದೆ.